ಉಪ್ಪಿನಕಾಯಿ ಯಾವ ಬ್ಯಾಗಿಗೆ, ಪವರ್ ಬ್ಯಾಂಕ್ ಯಾವ ಬ್ಯಾಗಿಗೆ? ವಿಮಾನ ಹತ್ತುವ ಮುಂಚೆ ಲಗೇಜ್ ಕಟ್ಟುವ ಕ್ರಮ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು, ಕೆಲಸಕ್ಕೆ ದುಬೈಗೆ ಹೊರಟವರು, ಮೊದಲ ಸಲ ವಿಮಾನದಲ್ಲಿ ದೆಹಲಿಗೆ ಹೊರಟವರು, ಎಲ್ಲರೂ ಕೇಳುವುದು ಅದನ್ನೇ. ಉಪ್ಪಿನಕಾಯಿ ಬಿಡ್ತಾರಾ? ಕೊಬ್ಬರಿ ಹಾಕಬಹುದಾ? ಪವರ್ ಬ್ಯಾಂಕ್ ಎಲ್ಲಿಡಬೇಕು? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ನಿಮ್ಮ ಲಗೇಜನ್ನು ನೋಡುವವರು ಒಬ್ಬರಲ್ಲ, ಮೂವರು. ವಿಮಾನ ಕಂಪನಿಯವರು ತೂಕ ನೋಡುತ್ತಾರೆ. ಸೆಕ್ಯುರಿಟಿಯವರು ವಿಮಾನಕ್ಕೆ ಅಪಾಯ ಮಾಡುವಂಥದ್ದು ಏನಾದರೂ ಇದೆಯಾ ಅಂತ ನೋಡುತ್ತಾರೆ. ಇಳಿದ ಊರಿನ ಕಸ್ಟಮ್ಸ್‌ನವರು ಹುಳ, ರೋಗ, ಮಾದಕ ವಸ್ತು, ದುಡ್ಡು ಹುಡುಕುತ್ತಾರೆ. ಒಬ್ಬರು ಬಿಟ್ಟರು ಅಂದ ಮಾತ್ರಕ್ಕೆ ಇನ್ನೊಬ್ಬರು ಬಿಡಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ಯಾರೂ ಮುಟ್ಟದ ಕರಿಬೇವಿನ ಕಟ್ಟು ಚಿಕಾಗೋದಲ್ಲಿ ಕಸದ ಡಬ್ಬಿ ಸೇರುತ್ತದೆ. ಹಾಗಾಗಿ "ಇದನ್ನು ಒಯ್ಯಬಹುದಾ" ಅಂತ ಕೇಳಿದರೆ ಸಾಲದು. "ಯಾವ ಬ್ಯಾಗಲ್ಲಿ, ಯಾವ ದೇಶಕ್ಕೆ" ಅಂತ ಕೇಳಬೇಕು.

ಎರಡು ಪದ ಪದೇ ಪದೇ ಬರುತ್ತವೆ. ಕ್ಯಾಬಿನ್ ಬ್ಯಾಗ್ ಅಂದರೆ ನಿಮ್ಮ ಜೊತೆ ವಿಮಾನದೊಳಗೆ ಬರುವ ಚಿಕ್ಕ ಬ್ಯಾಗು. ಚೆಕ್-ಇನ್ ಬ್ಯಾಗ್ ಅಂದರೆ ಕೌಂಟರಿನಲ್ಲಿ ಕೊಟ್ಟುಬಿಡುವ ದೊಡ್ಡ ಸೂಟ್‌ಕೇಸು. ಅದು ವಿಮಾನದ ಹೊಟ್ಟೆಗೆ ಹೋಗುತ್ತದೆ, ಇಳಿದ ಮೇಲೆ ಬೆಲ್ಟಿನಲ್ಲಿ ಸಿಗುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು: ಟಿಕೆಟ್, ಸೂಟ್‌ಕೇಸ್ ನೇತುಹಾಕಿ ತೂಗುವ ಚಿಕ್ಕ ತಕ್ಕಡಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು, ಅಗಲದ ಟೇಪು, ಡಾಕ್ಟರ ಚೀಟಿ.

1. ಟಿಕೆಟ್ ನೋಡಿ, ಆಮೇಲೆ ಸೂಟ್‌ಕೇಸ್ ತೆಗೆಯಿರಿ

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಗೆ ಹೆಚ್ಚಾಗಿ 15 ಕೆ.ಜಿ. ಚೆಕ್-ಇನ್, 7 ಕೆ.ಜಿ. ಕ್ಯಾಬಿನ್ ಸಿಗುತ್ತದೆ. ಅಮೆರಿಕದ ಕಡೆ ಹೋಗುವವರಿಗೆ ಬಹಳಷ್ಟು ಕಂಪನಿಗಳು 23 ಕೆ.ಜಿ.ಯ ಎರಡು ಸೂಟ್‌ಕೇಸ್ ಕೊಡುತ್ತವೆ. ಕೊಲ್ಲಿ ದೇಶಗಳ ಟಿಕೆಟ್‌ಗಳಲ್ಲಿ ಒಟ್ಟು ತೂಕ ಇಷ್ಟು ಅಂತ ಇರುವುದೂ ಉಂಟು. ಕಡಿಮೆ ದರದ ಟಿಕೆಟ್ ತಗೊಂಡಿದ್ದರೆ ಚೆಕ್-ಇನ್ ಬ್ಯಾಗೇ ಇಲ್ಲದೆ ಇರಬಹುದು. ಪಕ್ಕದ ಮನೆಯವರು ಹೇಳಿದ ಲೆಕ್ಕ ನಂಬಬೇಡಿ, ನಿಮ್ಮ ಟಿಕೆಟ್ ಮೇಲೆ ಬರೆದಿರುವುದನ್ನು ನಂಬಿ.

ಇಲ್ಲಿ ಎಡವುವವರು ಎರಡು ಥರ. "23 ಮತ್ತು 23, ಒಟ್ಟು 46, ಒಂದರಲ್ಲಿ 27 ಇನ್ನೊಂದರಲ್ಲಿ 19 ಹಾಕಿದರೆ ಏನಾಯ್ತು" ಅನ್ನುವವರು ಮೊದಲನೆಯವರು. ಹಾಗೆ ನಡೆಯುವುದಿಲ್ಲ. ಲೆಕ್ಕ ಒಂದೊಂದು ಬ್ಯಾಗಿಗೆ, ಒಟ್ಟು ತೂಕಕ್ಕಲ್ಲ. 32 ಕೆ.ಜಿ. ದಾಟಿದ ಬ್ಯಾಗನ್ನು ದುಡ್ಡು ಕೊಟ್ಟರೂ ಹೆಚ್ಚಿನ ಕಡೆ ತೆಗೆದುಕೊಳ್ಳುವುದಿಲ್ಲ, ಅದನ್ನು ಎತ್ತುವವರೂ ಮನುಷ್ಯರೇ ಅಲ್ವಾ. ಎರಡನೆಯವರು ಮನೆಯ ತಕ್ಕಡಿಯಲ್ಲಿ ಸರಿಯಾಗಿ 23 ತೋರಿಸಿತು ಅಂತ ನಿಶ್ಚಿಂತೆಯಾಗಿ ಬಂದವರು. ಕೌಂಟರಿನ ತಕ್ಕಡಿ 23.8 ತೋರಿಸಿದರೆ ಎಲ್ಲರೆದುರು ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಸೀರೆ, ಸಾರಿನ ಪುಡಿ ಎಲ್ಲ ಹರವಬೇಕಾಗುತ್ತದೆ. ಒಂದು ಕೆ.ಜಿ. ಕಮ್ಮಿಯೇ ಇರಲಿ.

2. ಬ್ಯಾಟರಿ ಇರುವುದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ

ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಕ್ಯಾಮೆರಾದ ಬಿಡಿ ಬ್ಯಾಟರಿ, ಕಿವಿಗೆ ಹಾಕುವ ಇಯರ್‌ಬಡ್, ಟ್ರಿಮ್ಮರ್, ರೀಚಾರ್ಜ್ ಟಾರ್ಚ್. ಎಲ್ಲವನ್ನೂ ಮಂಚದ ಮೇಲೆ ಹಾಕಿ ನೋಡಿ. ಇದರಲ್ಲಿ ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕ್ಯಾಬಿನ್ ಬ್ಯಾಗಿಗೆ ಮಾತ್ರ. ಚೆಕ್-ಇನ್ ಬ್ಯಾಗಿಗೆ ಹಾಕಲೇಬಾರದು. ಇದು ಪ್ರಪಂಚದ ಎಲ್ಲ ಕಡೆಯ ನಿಯಮ.

ಯಾಕೆ ಅಂದರೆ, ಲಿಥಿಯಂ ಬ್ಯಾಟರಿ ಒಳಗೆ ಕೆಟ್ಟರೆ ತಾನೇ ಬಿಸಿಯಾಗುತ್ತಾ ಹೋಗಿ ಹೊತ್ತಿಕೊಳ್ಳುತ್ತದೆ. ನಿಮ್ಮ ಪಕ್ಕದಲ್ಲಿ ಹೊಗೆ ಬಂದರೆ ಸಿಬ್ಬಂದಿ ಓಡಿ ಬಂದು ಆರಿಸಬಹುದು. ಕೆಳಗೆ ಸೂಟ್‌ಕೇಸ್‌ಗಳ ರಾಶಿಯಲ್ಲಿ ಹೊತ್ತಿಕೊಂಡರೆ ಕೈ ಹಾಕುವವರು ಯಾರೂ ಇಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ನಿಂತಲ್ಲೇ ಬೆಂಕಿಗೆ ಸಿಕ್ಕಿತು. ತಲೆಯ ಮೇಲಿನ ಲಗೇಜ್ ಪೆಟ್ಟಿಗೆಯಲ್ಲಿದ್ದ ಪವರ್ ಬ್ಯಾಂಕೇ ಕಾರಣ ಇರಬಹುದು ಅಂತ ತನಿಖೆಯವರು ಹೇಳಿದರು. ಆಮೇಲೆ ಹಲವು ಕಂಪನಿಗಳು ನಿಯಮ ಬಿಗಿ ಮಾಡಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಅಂದಿದೆ. ಅದನ್ನೂ ಹಾರುವಾಗ ಬಳಸುವಂತಿಲ್ಲ.

ಎಷ್ಟು ದೊಡ್ಡದು ಒಯ್ಯಬಹುದು? ಅಳತೆ ವಾಟ್-ಅವರ್‌ನಲ್ಲಿ, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ತುಂಬಿದೆ ಅನ್ನುವ ಲೆಕ್ಕದಲ್ಲಿ. 100 ವಾಟ್-ಅವರ್ ತನಕ ಸಾಮಾನ್ಯವಾಗಿ ತಕರಾರಿಲ್ಲ. 100ರಿಂದ 160ಕ್ಕೆ ಕಂಪನಿಯ ಒಪ್ಪಿಗೆ ಬೇಕು. ಅದರ ಮೇಲಿನದು ಬೇಡವೇ ಬೇಡ. ಪವರ್ ಬ್ಯಾಂಕ್ ಬೆನ್ನಮೇಲೆ ಬರೀ ಎಂಎಎಚ್ (mAh) ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74, ಪಾಸು. 30,000 ಅಂದರೆ 111, ಒಪ್ಪಿಗೆ ಕೇಳಬೇಕು. ಅಕ್ಷರ ಅಳಿಸಿಹೋದ, ಹೊಟ್ಟೆ ಉಬ್ಬಿದ ಹಳೇ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ. ಎಷ್ಟರದ್ದು ಅಂತ ಓದಲಾಗದಿದ್ದರೆ ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ.

ಇನ್ನೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ವಿಮಾನ ತುಂಬಿದ್ದರೆ ಗೇಟಿನ ಹತ್ತಿರ ಸಿಬ್ಬಂದಿ ನಿಮ್ಮ ಕ್ಯಾಬಿನ್ ಬ್ಯಾಗನ್ನು "ಜಾಗ ಇಲ್ಲ, ಕೆಳಗೆ ಹಾಕ್ತೀವಿ" ಅಂತ ತಗೊಳ್ಳುತ್ತಾರೆ. ಆ ಕ್ಷಣದಲ್ಲಿ ಅದು ಚೆಕ್-ಇನ್ ಬ್ಯಾಗ್ ಆಯಿತು. ಕೊಡುವ ಮುಂಚೆ ಪವರ್ ಬ್ಯಾಂಕ್, ಮಾತ್ರೆ, ಪಾಸ್‌ಪೋರ್ಟ್, ಒಡವೆ ತೆಗೆದುಕೊಳ್ಳಿ. ಇವನ್ನು ಮೊದಲೇ ಒಂದು ಬಟ್ಟೆ ಚೀಲದಲ್ಲಿ ಹಾಕಿ ಮೇಲ್ಗಡೆ ಇಟ್ಟಿದ್ದರೆ ಎಳೆದುಕೊಂಡರೆ ಮುಗಿಯಿತು.

3. ಸುರಿಯುವುದು, ಸವರುವುದು, ಹಿಸುಕುವುದು

ಕ್ಯಾಬಿನ್ ಬ್ಯಾಗಿನಲ್ಲಿ ದ್ರವ ಪದಾರ್ಥ 100 ಎಂಎಲ್ ಬಾಟಲಿಯಲ್ಲಿ ಇರಬೇಕು. ಅಂಥ ಬಾಟಲಿಗಳೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಿಡಿಯಬೇಕು. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಮೇಲೆ ಬಂದ ನಿಯಮ ಇದು. ಕೆಲವು ದೇಶಗಳ ನಿಲ್ದಾಣಗಳಲ್ಲಿ ಹೊಸ ಯಂತ್ರ ಬಂದು ಸಡಿಲವಾಗಿದೆ. ಆದರೆ ನೀವು ನಡುವೆ ಎಲ್ಲೋ ವಿಮಾನ ಬದಲಿಸುವವರಾದರೆ 100 ಎಂಎಲ್ ಅಂತಲೇ ಇಟ್ಟುಕೊಂಡರೆ ಎಲ್ಲೂ ಕಷ್ಟವಿಲ್ಲ.

ಲೆಕ್ಕ ಬಾಟಲಿಯದ್ದು, ಒಳಗಿರುವುದರದ್ದಲ್ಲ. 200 ಎಂಎಲ್ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ತಳದಲ್ಲಿ ಎರಡು ಚಮಚ ಉಳಿದಿದ್ದರೂ ಅದು 200 ಎಂಎಲ್ ಬಾಟಲಿಯೇ. "ಅಯ್ಯೋ, ಖಾಲಿ ಇದೆಯಲ್ಲಪ್ಪಾ" ಅಂತ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ದ್ರವ ಅಂದರೆ ನೀರು ಮಾತ್ರ ಅಲ್ಲ. ತುಪ್ಪ, ಮೊಸರು, ಜೇನು, ಜಾಮು, ಟೂತ್‌ಪೇಸ್ಟು, ತಲೆಗೆ ಹಾಕುವ ಜೆಲ್, ಗೊಜ್ಜು, ಎಣ್ಣೆ ತೇಲುವ ಉಪ್ಪಿನಕಾಯಿ, ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಪುಳಿಯೋಗರೆ ಕಲಸಿದ ಅನ್ನ ಕೈಯಲ್ಲಿ ಹೋಗುತ್ತದೆ, ಪುಳಿಯೋಗರೆ ಗೊಜ್ಜಿನ ಡಬ್ಬಿ ಹೋಗುವುದಿಲ್ಲ. ಹಾಲುಗೂಸು ಜೊತೆಗಿದ್ದರೆ ದಾರಿಗೆ ಬೇಕಾದಷ್ಟು ಹಾಲು, ಮಕ್ಕಳ ಆಹಾರಕ್ಕೆ, ಹಾಗೆಯೇ ದ್ರವ ಔಷಧಿಗೆ ವಿನಾಯಿತಿ ಇದೆ. ಟ್ರೇಗೆ ಹಾಕುವ ಮೊದಲೇ ಬಾಯಿಬಿಟ್ಟು ಹೇಳಿ.

4. ಅಡುಗೆಮನೆಯ ಸಾಮಾನು

ಕನ್ನಡಿಗರ ಸೂಟ್‌ಕೇಸಿನಲ್ಲಿ ಅರ್ಧ ಇದೇ ಇರುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಖಾರದ ಪುಡಿ ಎಲ್ಲ ಚೆಕ್-ಇನ್ ಬ್ಯಾಗಿಗೆ. ಖಾರದ ಪುಡಿಯನ್ನು ಕಣ್ಣಿಗೆ ಎರಚಬಹುದು ಅನ್ನುವ ಕಾರಣಕ್ಕೆ ಕ್ಯಾಬಿನ್ನಿಗೆ ಬಿಡುವುದಿಲ್ಲ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕ್ಯಾಬಿನ್ ಬ್ಯಾಗಲ್ಲಿ ಯಾವುದೇ ಪುಡಿ 350 ಎಂಎಲ್ ಅಳತೆ ಮೀರಿದ್ದರೆ, 2018ರಿಂದ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಕಾಫಿ ಪುಡಿಯೂ ಅದರಲ್ಲಿ ಸೇರಿತು.

ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ. ಗಾಜಿನ ಭರಣಿ ಬೇಡ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಕ್ಕಾಲು ತುಂಬಿಸಿ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಸುತ್ತ ಟೇಪ್ ಸುತ್ತಿ. ಆಮೇಲೆ ಒಂದು ಜಿಪ್ ಚೀಲ, ಅದರ ಮೇಲೆ ಇನ್ನೊಂದು, ಎರಡರ ಮಧ್ಯೆ ಹಳೇ ಟವೆಲ್. ಕೊನೆಗೆ ಡಬ್ಬಿಯನ್ನು ತಲೆಕೆಳಗು ಮಾಡಿ ರಾತ್ರಿಯಿಡೀ ಪೇಪರ್ ಮೇಲೆ ಇಡಿ. ಬೆಳಿಗ್ಗೆ ಪೇಪರಿನಲ್ಲಿ ಎಣ್ಣೆ ಕಲೆ ಕಂಡರೆ ಡಬ್ಬಿ ಬದಲಿಸಿ. ನನ್ನ ಒಂದು ರೇಷ್ಮೆ ಸೀರೆ ಮಿಡಿ ಉಪ್ಪಿನಕಾಯಿಯ ರಸ ಕುಡಿದ ಮೇಲೆ ಕಲಿತ ಪಾಠ ಇದು.

ಈಗ ಕೊಬ್ಬರಿ. ಕೇಳಿದರೆ ಯಾರೂ ನಂಬುವುದಿಲ್ಲ, ಆದರೆ ಒಣಕೊಬ್ಬರಿ ಕ್ಯಾಬಿನ್ನಿಗೂ ಇಲ್ಲ, ಚೆಕ್-ಇನ್ನಿಗೂ ಇಲ್ಲ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತಲೇ ದಾಖಲಾಗಿದೆ. ತಿಪಟೂರಿನ ಉಂಡೆ ಕೊಬ್ಬರಿಯನ್ನೇ ನೋಡಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವಾಗ ಒಡೆದು ತೆಗೆದದ್ದು. ಒಂದು ಚೂರು ಮುರಿದು ಕಾಗದದ ಮೇಲೆ ಉಜ್ಜಿದರೆ ಕಾಗದ ಪಾರದರ್ಶಕವಾಗುತ್ತದೆ, ಅಷ್ಟು ಎಣ್ಣೆ. ಅದು ಗಾಳಿಯಾಡದ ಜಾಗದಲ್ಲಿ ರಾಶಿಯಾಗಿ ಬಿದ್ದರೆ ನಿಧಾನಕ್ಕೆ ಕಾವೇರುತ್ತದೆ. ಎಕ್ಸ್-ರೇಯಲ್ಲಿ ಗುಂಡಗೆ ಎದ್ದು ಕಾಣುವುದರಿಂದ ಬಚ್ಚಿಟ್ಟರೂ ಸಿಕ್ಕಿಬೀಳುತ್ತದೆ. ಚಟ್ನಿಪುಡಿಗೆ ಹಾಕಿ ಕುಟ್ಟಿಬಿಟ್ಟರೆ ಅದು ಚಟ್ನಿಪುಡಿ. ಅದನ್ನು ಕೊಬ್ಬರಿ ಅಂತ ತಡೆದಿದ್ದು ನಾನು ಕಂಡಿಲ್ಲ.

ಹಸಿ ತೆಂಗಿನಕಾಯಿಯೂ ಕ್ಯಾಬಿನ್ನಿಗೆ ಇಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಗೆ ಮಾತ್ರ ಸರ್ಕಾರ ಆ ಸಮಯಕ್ಕೆ ವಿನಾಯಿತಿ ಕೊಟ್ಟದ್ದುಂಟು. 2024ರ ಅಕ್ಟೋಬರಿನಲ್ಲಿ ಕೊಟ್ಟ ವಿನಾಯಿತಿ 2025ರ ಜನವರಿ 20ರವರೆಗೆ ಇತ್ತು. ಇದು ಶಾಶ್ವತ ಅಂದುಕೊಳ್ಳಬೇಡಿ. ಮಾಲೆ ಹಾಕಿದ ವರ್ಷ ಕಂಪನಿಯವರನ್ನು ಒಮ್ಮೆ ಕೇಳಿಕೊಳ್ಳಿ.

ಚಾಕು, ಕತ್ತರಿ, ಈಳಿಗೆಮಣೆ, ತುರಿಮಣೆ ಚೆಕ್-ಇನ್ನಿಗೆ, ಅಲಗಿಗೆ ದಪ್ಪ ರಟ್ಟು ಸುತ್ತಿ. ಕುಕ್ಕರು, ದೋಸೆ ಕಾವಲಿ, ಚಕ್ಕುಲಿ ಒರಳು ಕೂಡ ಅಲ್ಲೇ. ಕುಕ್ಕರ್ ಒಳಗೆ ಡಬ್ಬಿ ತುರುಕುವ ಜಾಣತನ ಬೇಡ. ದಪ್ಪ ಲೋಹದೊಳಗೆ ಏನಿದೆ ಅಂತ ಯಂತ್ರಕ್ಕೆ ಸರಿಯಾಗಿ ಕಾಣದೆ ಬ್ಯಾಗ್ ಬಿಚ್ಚಿಸುವ ಸಂಭವ ಜಾಸ್ತಿ.

5. ಯಾವ ಬ್ಯಾಗಿಗೂ ಬೇಡದ್ದು

ಬೆಂಕಿಪೊಟ್ಟಣ, ಲೈಟರ್, ಪಟಾಕಿ, ಪೆಟ್ರೋಲ್, ಥಿನ್ನರ್, ಕ್ಯಾಂಪಿಂಗ್ ಗ್ಯಾಸ್. ಇವು ಹೇಳದೆಯೇ ಗೊತ್ತಾಗುವಂಥವು. ಕರ್ಪೂರ ಮಾತ್ರ ಪೂಜೆ ಸಾಮಾನಿನ ಜೊತೆ ಸುಮ್ನೆ ಸೇರಿಕೊಂಡು ಬರುತ್ತದೆ. ಅದೂ ಬೇಗ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ, ತೆಗೆದಿಡಿ. ಇ-ಸಿಗರೇಟ್ 2019ರಿಂದ ನಮ್ಮ ದೇಶದಲ್ಲೇ ನಿಷೇಧ. ವಿದೇಶದಿಂದ ಬರುವ ನೆಂಟರಿಗೂ ಹೇಳಿಬಿಡಿ.

ಮದ್ಯದ ಬಗ್ಗೆಯೂ ಕೇಳುತ್ತಾರೆ, ಮೆಲ್ಲಗೆ. ಅಂಗಡಿಯ ಸೀಲ್ ಒಡೆಯದ ಬಾಟಲಿಗಳು ಒಬ್ಬರಿಗೆ ಒಟ್ಟು 5 ಲೀಟರ್ ತನಕ ಚೆಕ್-ಇನ್ನಿನಲ್ಲಿ ಹೋಗಬಹುದು. ಆಲ್ಕೋಹಾಲ್ ಅಂಶ ಶೇ 70 ಮೀರಿರಬಾರದು. ಹೋಗುವ ರಾಜ್ಯದ ಕಾನೂನು ಬೇರೆ, ಗುಜರಾತಿಗೂ ಬಿಹಾರಕ್ಕೂ ಒಯ್ಯಬೇಡಿ.

ಕೊಡಗು, ಮಲೆನಾಡಿನ ಕಡೆಯವರಿಗೆ ಒಂದು ಮಾತು ವಿಶೇಷವಾಗಿ. ಮನೆಯಲ್ಲಿ ಕೋವಿ ಇರುತ್ತದೆ, ತೋಟಕ್ಕೆ ಹೋಗುವ ಬ್ಯಾಗಿನ ಯಾವುದೋ ಜೇಬಿನಲ್ಲಿ ಒಂದು ತೋಟಾ ಉಳಿದಿರುತ್ತದೆ. ಅದೇ ಬ್ಯಾಗು ಹಿಡಿದು ವಿಮಾನ ನಿಲ್ದಾಣಕ್ಕೆ ಬಂದರೆ ಪೊಲೀಸರಿಗೆ ಒಪ್ಪಿಸುತ್ತಾರೆ, ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗಬಹುದು. "ಗೊತ್ತಿರಲಿಲ್ಲ ಸಾರ್" ಅಂದರೂ ಆ ದಿನದ ವಿಮಾನವಂತೂ ಸಿಗುವುದಿಲ್ಲ. ಹಳೇ ಬ್ಯಾಗಿನ ಎಲ್ಲ ಜೇಬೂ ಕೊಡವಿ.

6. ಇಳಿಯುವ ದೇಶ ಏನನ್ನುತ್ತದೆ

ಇಲ್ಲಿ ತಪ್ಪಾದರೆ ವಸ್ತು ಹೋಗುವುದಷ್ಟೇ ಅಲ್ಲ, ದಂಡ, ಕೆಲವೆಡೆ ಜೈಲು.

ಕೊಲ್ಲಿ ದೇಶ ಮತ್ತು ಸಿಂಗಪುರ: ಗಸಗಸೆ ಬೇಡ. ನಮಗೆ ಅದು ಪಾಯಸ, ಅಲ್ಲಿನ ಕಾನೂನಿಗೆ ಅದು ಅಫೀಮು ಗಿಡದ ಬೀಜ. ಯುಎಇ, ಸೌದಿ ಅರೇಬಿಯಾ, ಸಿಂಗಪುರ ಮೂರೂ ಕಡೆ ನಿಷೇಧ. ಮನೆಯಲ್ಲಿ ಕುಟ್ಟಿದ ಮಸಾಲೆಗೆ ಗಸಗಸೆ ಸೇರಿಸಿದ್ದರೆ ಅದನ್ನೂ ಬಿಡಿ. ದುಬೈ ಕಡೆ ವೀಳ್ಯದೆಲೆ, ಪಾನ್ ಸಾಮಾನು ಕೂಡ ನಿಷೇಧದ ಪಟ್ಟಿಯಲ್ಲಿವೆ. ಎಲೆ ಅಡಿಕೆಯ ಸಂಚಿ ಇಲ್ಲದೆ ಅಜ್ಜಿಯರಿಗೆ ಕಷ್ಟವೇ, ಆದರೂ ಮನೆಯಲ್ಲೇ ಇರಲಿ.

ಅಮೆರಿಕ: ಹಸಿ ಹಣ್ಣು, ತರಕಾರಿ, ಗಿಡ, ಮಣ್ಣು ಬೇಡ. ಕರಿಬೇವಿನ ಸೊಪ್ಪಿನಲ್ಲಿ ಕಿತ್ತಳೆ, ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗ ಹರಡುವ ಪುಟ್ಟ ಕೀಟ ಇರಬಹುದು, ಅದಕ್ಕೇ ತಡೆ. ಮಾವಿನಹಣ್ಣು 2007ರಿಂದ ನಮ್ಮಲ್ಲಿಂದ ಅಲ್ಲಿಗೆ ಹೋಗುತ್ತಿದೆ ನಿಜ, ಆದರೆ ವಿಕಿರಣದಿಂದ ಹುಳ ಕೊಂದ ವ್ಯಾಪಾರದ ಸರಕಾಗಿ ಮಾತ್ರ. ಸೂಟ್‌ಕೇಸಿನಲ್ಲಿ ನಾಲ್ಕು ರಸಪುರಿ ಹಾಕಿಕೊಳ್ಳುವಂತಿಲ್ಲ. ಅಕ್ಕಿಯೂ ಇಲ್ಲ. ದಾಸ್ತಾನಿನ ಕಾಳು ತಿನ್ನುವ ಖಾಪ್ರಾ ಅನ್ನುವ ಹುಳದ ಭಯಕ್ಕೆ 2011ರಿಂದ ಭಾರತದಂಥ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ನಿಲ್ಲಿಸಿದ್ದಾರೆ. ಸೋನಾ ಮಸೂರಿ ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ, ಹೊತ್ತು ಸಾಯಬೇಡಿ.

ಅಮೆರಿಕಕ್ಕೆ ಮಾಂಸ, ಕೋಳಿಯೂ ಬೇಡ. ಮಂಗಳೂರಿನವರಿಗೆ ನಾನು ಹೇಳುವುದು ಇಷ್ಟೇ: ಕೋರಿ ರೊಟ್ಟಿಯಲ್ಲಿ ರೊಟ್ಟಿ ಹೋಗುತ್ತದೆ, ಕೋರಿ, ಅಂದರೆ ಕೋಳಿ, ಹೋಗುವುದಿಲ್ಲ. ಚಿಕನ್ ಮಸಾಲೆ ಸೇರಿದ ನೂಡಲ್ಸ್ ಪೊಟ್ಟಣವೂ ಬೇಡ. ನಮ್ಮಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಇರುವುದರಿಂದ ಹಾಲಿನ ಪದಾರ್ಥದ ಬಗ್ಗೆಯೂ ಬಿಗಿ. ಧಾರವಾಡ ಪೇಡ ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ, ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ, ಹುರಿದು ಪುಡಿ ಮಾಡಿದ ಕಾಫಿ, ಉಪ್ಪಿನಕಾಯಿ ಇವಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ತಿನ್ನುವ ಪದಾರ್ಥ ಇದೆಯಾ ಅಂತ ಅಧಿಕಾರಿ ಕೇಳಿದರೆ "ಹೌದು" ಅನ್ನಿ. ಇದಕ್ಕೆ ಡಿಕ್ಲೇರ್ ಮಾಡುವುದು ಅನ್ನುತ್ತಾರೆ, ನಾವಾಗೇ ಹೇಳಿಕೊಳ್ಳುವುದು ಅಂತ ಅರ್ಥ. ಹೇಳಿದ ಮೇಲೆ ಬೇಡದ ವಸ್ತು ಸಿಕ್ಕರೆ ತೆಗೆದಿಟ್ಟುಕೊಂಡು ಕಳಿಸುತ್ತಾರೆ, ದಂಡ ಇಲ್ಲ. ಇಲ್ಲ ಅಂದು ಸಿಕ್ಕಿಬಿದ್ದರೆ ಮೊದಲ ಸಲವೇ 1,000 ಡಾಲರ್ ತನಕ ದಂಡ ಹಾಕಬಹುದು. ಬ್ಯಾಗ್ ಬೆಲ್ಟಿನ ಹತ್ತಿರ ಬೀಗಲ್ ಜಾತಿಯ ಪುಟ್ಟ ನಾಯಿಗಳು ಮೂಸುತ್ತಾ ಓಡಾಡುತ್ತವೆ. ಪಕ್ಕದಲ್ಲಿ ಬಂದು ಸುಮ್ಮನೆ ಕೂತುಬಿಟ್ಟರೆ ನಿಮ್ಮ ಬ್ಯಾಗಲ್ಲಿ ಏನೋ ಇದೆ ಅಂತ. ಇಂಗ್ಲಿಷ್ ಬಾರದ ಹಿರಿಯರ ಕೈಗೆ, ತಂದಿರುವ ತಿಂಡಿಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ. ಅಬುಧಾಬಿ ಮೂಲಕ ಹೋಗುವವರಿಗೆ ಈ ಅಮೆರಿಕದ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ, ಪಟ್ಟಿ ಕೈಚೀಲದಲ್ಲೇ ಇರಲಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್: ಇವರು ಎಲ್ಲರಿಗಿಂತ ಬಿಗಿ. ನ್ಯೂಜಿಲೆಂಡಿನಲ್ಲಿ ಮರೆತು ಉಳಿದ ಒಂದು ಸೇಬಿಗೂ ನಿಂತಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳುತ್ತದೆ. 2025ರಲ್ಲಿ ಮಲಯಾಳಂ ನಟಿ ನವ್ಯಾ ನಾಯರ್ ಮೆಲ್ಬರ್ನ್‌ನಲ್ಲಿ ಮಲ್ಲಿಗೆ ಮಾಲೆ ಇದ್ದದ್ದಕ್ಕೆ 1,980 ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು ಅಂತ ತಾವೇ ಹೇಳಿಕೊಂಡರು, ಲಕ್ಷ ರೂಪಾಯಿಗೂ ಜಾಸ್ತಿ. ಮುಡಿದ ಹೂವನ್ನು ವಿಮಾನದಲ್ಲೇ ತೆಗೆದು ಕಸಕ್ಕೆ ಹಾಕಿ ಇಳಿಯಿರಿ. ಚಪ್ಪಲಿ, ಶೂ ತಳದ ಮಣ್ಣನ್ನು ಮನೆಯಲ್ಲೇ ತೊಳೆದುಕೊಳ್ಳಿ.

7. ಮಾತ್ರೆ, ದುಡ್ಡು, ಕಾಗದ

ಮಾತ್ರೆಗಳು ಕ್ಯಾಬಿನ್ ಬ್ಯಾಗಿಗೆ, ಅಂಗಡಿಯ ಸ್ಟ್ರಿಪ್‌ನಲ್ಲೇ. ವಾರದ ಲೆಕ್ಕದ ಡಬ್ಬಿಗೆ ಸುರಿದುಕೊಂಡರೆ ಯಾವ ಮಾತ್ರೆ ಅಂತ ತೋರಿಸಲು ಆಗುವುದಿಲ್ಲ. ಡಾಕ್ಟರ ಚೀಟಿಯಲ್ಲಿ ಔಷಧದ ಮೂಲ ಹೆಸರು ಇರಲಿ, ನಮ್ಮ ಬ್ರ್ಯಾಂಡ್ ಹೆಸರು ಹೊರಗಿನವರಿಗೆ ತಿಳಿಯುವುದಿಲ್ಲ. ಅಮೆರಿಕಕ್ಕೆ 90 ದಿನದಷ್ಟು ಸಾಕು. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಿತ ಔಷಧಗಳು, ಮೊದಲೇ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕು. ಇನ್ಸುಲಿನ್ನನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಅಲ್ಲಿ ಹೆಪ್ಪುಗಟ್ಟಿ ಹಾಳಾಗಬಹುದು.

ಒಡವೆ, ದುಡ್ಡು, ಆಸ್ತಿ ಕಾಗದ, ಪಾಸ್‌ಪೋರ್ಟ್ ಯಾವತ್ತೂ ಕೈಯಲ್ಲೇ. ಭಾರತದ ನೋಟು ವಿದೇಶಕ್ಕೆ ಒಬ್ಬರು 25,000 ರೂಪಾಯಿ ತನಕ ಒಯ್ಯಬಹುದು. ಅಮೆರಿಕಕ್ಕೆ 10,000 ಡಾಲರಿಗಿಂತ ಜಾಸ್ತಿ ಒಯ್ಯುವುದು ತಪ್ಪಲ್ಲ, ಹೇಳದೆ ಒಯ್ಯುವುದು ತಪ್ಪು.

8. ಹೊರಡುವ ಹಿಂದಿನ ರಾತ್ರಿ

ಸೂಟ್‌ಕೇಸನ್ನು ನೀವೇ ಕಟ್ಟಿ. ಬೇರೆಯವರು ಅಂಟಿಸಿ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಹಾಕಿಕೊಳ್ಳಬೇಡಿ, ಎಷ್ಟೇ ಹತ್ತಿರದವರಾಗಲಿ. ಪೊಟ್ಟಣ ಯಾರ ಬ್ಯಾಗಲ್ಲಿ ಸಿಕ್ಕಿತೋ ಅವರದ್ದೇ ಹೊಣೆ, ಕೊಟ್ಟವರದ್ದಲ್ಲ. "ನಮ್ಮ ಮಗನಿಗೆ ಸ್ವಲ್ಪ ಪುಡಿ ಅಷ್ಟೇ ಕಣಮ್ಮಾ" ಅಂದರೆ, "ಬಿಚ್ಚಿ ನೋಡ್ತೀನಿ ಆಂಟಿ, ಬೇಜಾರ್ ಮಾಡ್ಕೋಬೇಡಿ" ಅಂದುಬಿಡಿ.

ಒಳಗೂ ಹೊರಗೂ ಹೆಸರು, ಫೋನ್ ನಂಬರ್ ಬರೆದಿಡಿ. ಕಟ್ಟಿದ ಮೇಲೆ ತೆರೆದ ಸೂಟ್‌ಕೇಸಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಬ್ಯಾಗ್ ಕಳೆದರೆ ಏನಿತ್ತು ಅಂತ ಹೇಳಲು ಬೇಕಾಗುತ್ತದೆ. ಅಮೆರಿಕಕ್ಕೆ ಹೋಗುವವರು ಟಿಎಸ್‌ಎ (ಅಲ್ಲಿನ ವಿಮಾನ ನಿಲ್ದಾಣಗಳ ಭದ್ರತೆ ನೋಡುವ ಸರ್ಕಾರಿ ಸಂಸ್ಥೆ) ಗುರುತಿನ ಬೀಗ ಹಾಕಿ. ಅಲ್ಲಿನ ತಪಾಸಣೆಯವರ ಹತ್ತಿರ ಅದಕ್ಕೆ ಸರಿಹೊಂದುವ ಕೀಲಿ ಇರುತ್ತದೆ, ಬೇರೆ ಬೀಗವಾದರೆ ಒಡೆದು ನೋಡಬಹುದು.

ಬೆಂಗಳೂರಿನಿಂದ ಹೊರಡುವವರು ಟರ್ಮಿನಲ್ 1ಓ 2ಓ ಅಂತ ಟಿಕೆಟಿನಲ್ಲಿ ನೋಡಿಕೊಳ್ಳಿ. ಅಂತಾರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿವೆ. ಬ್ಯಾಗ್ ಕೊಟ್ಟಾದ ಮೇಲೂ ಅದು ಒಳಗೆ ಎಕ್ಸ್-ರೇ ದಾಟಬೇಕು. ಏನಾದರೂ ಅನುಮಾನ ಬಂದರೆ ನಿಮ್ಮನ್ನು ಕರೆಸಿ ನಿಮ್ಮೆದುರೇ ಬಿಚ್ಚಿಸುತ್ತಾರೆ, ಹೆಚ್ಚಿನ ಸಲ ಕಾರಣ ಒಳಗೆ ಮರೆತ ಪವರ್ ಬ್ಯಾಂಕ್. ಆದ್ದರಿಂದ ಕೊಟ್ಟ ಫೋನ್ ನಂಬರ್ ಸರಿಯಿರಲಿ, ಫೋನ್ ಸೈಲೆಂಟಿನಲ್ಲಿ ಇಡಬೇಡಿ, ವಿಮಾನ ಹತ್ತುವ ತನಕ ಸೂಟ್‌ಕೇಸಿನ ಬೀಗದ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ, ಕಳಿಸಲು ಬಂದವರ ಕೈಗೆ ಕೊಟ್ಟು ಕಳಿಸಬೇಡಿ.